ಗೆದ್ದಲು ತಿಂದ ಹಾಳೆಗಳು

ಮೊನ್ನೆ ಮೊಮ್ಮಗಳು ಹಳೆಯ ಪುಸ್ತಕದ ಅಂಗಡಿಯಿಂದ ಒಂದು ಕಾದಂಬರಿ ತಂದುಕೊಟ್ಟಳು. ಬಿಡಿಸಿದರೆ ಹಳದಿಯಾದ ಹಾಳೆಗಳ ಮುಗ್ಗಲು ವಾಸನೆ. ಮೊದಲ ಪುಟ ನೋಡದೆ ನೇರ ಕೊನೆಗೆ ಹೋದೆ. ಕೊನೆಯ ಹಾಳೆಗಳೆಲ್ಲ ಇದ್ದವು. ನಿಂತಲ್ಲೇ ಓದಿದೆ. ಪಕ್ಕದ ಮನೆಯ ಅಕ್ಕ ಅಂದು ಹೇಳಿದ್ದಂತೆಯೇ ಇತ್ತು... ಮನಸ್ಸು ಕಹಿಯಾಯಿತು.

ಐವತ್ತರ ದಶಕದ ಮಾತು. ಮದುವೆಯಾಗಿ ನಾಗಪುರದ ರೇಲ್ವೆ ಕ್ವಾರ್ಟರ್ಸಿಗೆ ಬಂದಾಗ ನನಗೆ ಹತ್ತೊಂಬತ್ತು ವರ್ಷ. ಪಕ್ಕದ ಮನೆಯವರು ಗದಗಿನ ಕಡೆಯವರು; ಆಫೀಸಿನಲ್ಲಿ ನನ್ನ ಗಂಡನಿಗೆ ಮೇಲಧಿಕಾರಿ. ನಾವೆಲ್ಲ ಅಕ್ಕ ಎನ್ನುತ್ತಿದ್ದವಳು ಅವರ ತಂಗಿ. ಗಂಡನನ್ನು ಬಿಟ್ಟು ಅಣ್ಣನ ಮನೆ ಸೇರಿದ್ದಳು. ಯಾಕೆಂದು ಯಾರೂ ಕೇಳಬೇಕಾಗಿರಲಿಲ್ಲ. ಎಡಗೈ ಮೇಲಿನ ಸುಟ್ಟ ಕಲೆ ಮೊಣಕೈವರೆಗೂ ಇತ್ತು.

ಮಧ್ಯಾಹ್ನ ಊಟವಾದ ಮೇಲೆ ಏಳೆಂಟು ಹೆಂಗಸರು ಅಕ್ಕಿ ಆರಿಸುತ್ತ ಅವರ ಪಡಸಾಲೆಯಲ್ಲಿ ಕೂರುತ್ತಿದ್ದೆವು. ಅಕ್ಕ ಈ ಕಾದಂಬರಿಯನ್ನು ಗಟ್ಟಿಯಾಗಿ ಓದುತ್ತಿದ್ದಳು. ಮರಾಠಿ ಶಾಲೆಗೆ ಹೋದವರು, ಶಾಲೆಗೇ ಹೋಗದವರು, ಎಲ್ಲರೂ ಕೈ ನಿಲ್ಲಿಸಿ ಕೇಳುತ್ತಿದ್ದರು. ಗಂಡನ ಹೊಡೆತ ತಾಳದೆ ಹೊರಬಂದು, ಮಕ್ಕಳಿಗೆ ಪಾಠ ಹೇಳಿ ಬದುಕುವ ಹೆಣ್ಣಿನ ಕಥೆ. ಆದರೆ ಕೊನೆಯ ಹಾಳೆಗಳನ್ನು ಗೆದ್ದಲು ತಿಂದಿತ್ತು. ಅಲ್ಲಿಗೆ ಬಂದಾಗ ಅಕ್ಕ ಪುಸ್ತಕ ಮಡಿಲಲ್ಲಿಟ್ಟುಕೊಂಡು, "ಮುಂದಿಂದು ನನಗ ಬಾಯಿಪಾಠ ಐತಿ, ಕೇಳ್ರಿ" ಅಂದಳು. ತವರಿನಲ್ಲಿ ನಾಲ್ಕೈದು ಸಲ ಓದಿದ್ದಳಂತೆ. ಗಂಡ ಕರೆಯಲು ಬರುತ್ತಾನೆ, ನಾಯಕಿ ಅವನಿಗೆ ಕುಡಿಯಲು ನೀರು ಕೊಟ್ಟು ಬಾಗಿಲು ಹಾಕಿಕೊಳ್ಳುತ್ತಾಳೆ. ಅಷ್ಟೇ.

ಮರುವರ್ಷ ಅದೇ ಕಾದಂಬರಿ ಸಿನಿಮಾ ಆಯಿತು. ಊರಿನ ಕನ್ನಡದವರೆಲ್ಲ ಸೇರಿ ಸೀತಾಬರ್ಡಿಯ ಒಂದು ಟಾಕೀಸಿಗೆ ಭಾನುವಾರ ಬೆಳಗಿನ ಆಟಕ್ಕೆ ತರಿಸಿದರು. ಅಕ್ಕ ಮಲ್ಲಿಗೆ ಮುಡಿದು ಬಂದಿದ್ದಳು. ಸುಳ್ಳು ಹೇಳಬಾರದು, ಅರ್ಧದವರೆಗೆ ಚೆನ್ನಾಗಿಯೇ ಇತ್ತು. ಅಡುಗೆಮನೆಯಲ್ಲಿ ನಾಯಕಿ ಸದ್ದಿಲ್ಲದೆ ಅಳುವ ದೃಶ್ಯದಲ್ಲಿ ಅಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಳು. ಆಮೇಲೆ ಸಿನಿಮಾ ಮಾಡಿದವರಿಗೆ ಧೈರ್ಯ ಸಾಲಲಿಲ್ಲವೋ, ಜನ ಬರುವುದಿಲ್ಲವೆಂಬ ಭಯವೋ. ನಾಯಕಿ ಗಂಡನ ಕಾಲಿಗೆ ಬಿದ್ದಳು. ಅವನು ಎತ್ತಿ ಕುಂಕುಮ ಇಟ್ಟ. ಟಾಕೀಸು ಚಪ್ಪಾಳೆ ತಟ್ಟಿತು. ನಾನೂ ಕಣ್ಣೊರೆಸಿಕೊಂಡು ತಟ್ಟಿದೆ. ಪುಸ್ತಕವನ್ನು ಸಿನಿಮಾ ಮಾಡುವಾಗ ಹಾಡು ಸೇರಿಸಲಿ, ನಾಲ್ಕು ಪಾತ್ರ ಬಿಡಲಿ, ನನ್ನ ತಕರಾರಿಲ್ಲ. ಆ ಹೆಣ್ಣು ಇಡೀ ಕಥೆಯಲ್ಲಿ ಗಳಿಸಿದ್ದನ್ನೇ ಕಿತ್ತುಕೊಂಡು, ಮೇಲೆ ಅದೇ ಹೆಸರಿಟ್ಟು ಮೆರೆಸಿದರಲ್ಲ, ಅದನ್ನು ಇವತ್ತಿಗೂ ಕ್ಷಮಿಸಲಾರೆ.

ಅಂದು ಸಂಜೆ ಅವರ ಮನೆಯಲ್ಲಿ ಮಾತು ಎದ್ದಿತು. ಅಕ್ಕನ ವೈನಿ, ಅಣ್ಣನ ಹೆಂಡತಿ, ಬಾಗಿಲಲ್ಲೇ ನಿಂತು, "ಕಥಿಯೊಳಗಿನ ಆಕಿನೂ ಗಂಡನ ಕಡೆ ಹೋದ್ಳು. ನೀ ನಿನಗ ಬೇಕಾದಂಗ ಹೇಳಿ ನಮ್ಮನ್ನ ಮಳ್ಳ ಮಾಡಿದಿ" ಅಂದರು.

"ಪುಸ್ತಕದಾಗ ಹಂಗಿಲ್ಲ, ವೈನಿ" ಅಂದಳು ಅಕ್ಕ.

ಅಕ್ಕನ ಗಂಡ ಕರೆಯಲು ಬರುತ್ತೇನೆಂದು ಆಗಲೇ ಎರಡು ಪತ್ರ ಬರೆದಿದ್ದ. ಅಣ್ಣನ ಮನಸ್ಸು ಅತ್ತಿತ್ತ ತೂಗಾಡುತ್ತಿತ್ತು. ಅವರು ನನ್ನನ್ನು ಕರೆದರು. "ನೀವು ಓದು ಬಲ್ಲವರು. ಖರೇ ಹೇಳ್ರಿ, ಪುಸ್ತಕದಾಗ ಏನಿತ್ತು?"

ಹಿಂದೆ ನನ್ನ ಗಂಡ ನಿಂತಿದ್ದ. ಸಾಹೇಬರ ಮನೆಯ ವಿಷಯಕ್ಕೆ ಹೋಗಬೇಡ ಎಂದು ಅವನ ಕಣ್ಣೇ ಹೇಳುತ್ತಿತ್ತು. ನಾನು ತಲೆ ತಗ್ಗಿಸಿ, "ಆ ಹಾಳಿ ಇದ್ದಿಲ್ಲರಿ, ನಾ ಓದಿಲ್ಲ" ಅಂದೆ.

ಅಕ್ಕ ನನ್ನನ್ನು ಬೈಯಲಿಲ್ಲ. ಒಳಗೆ ಹೋಗಿ ಒಲೆ ಹಚ್ಚಿದಳು. ಎಂಟು ದಿನದಲ್ಲಿ ಅಣ್ಣ ಅವಳನ್ನು ಗಂಡನ ಮನೆಗೆ ಬಿಟ್ಟುಬಂದರು. ಮುಂದಿನ ಬೇಸಿಗೆಯಲ್ಲಿ ಅವಳು ತೀರಿಕೊಂಡ ಸುದ್ದಿ ಬಂತು. ಜ್ವರ ಅಂದರು... ನಾನು ನಂಬಲಿಲ್ಲ. ನಂಬಲಿಲ್ಲವೆಂದು ಆಗಲೂ ಬಾಯಿ ಬಿಡಲಿಲ್ಲ.

ಮೊಮ್ಮಗಳು, "ಯಾಕಜ್ಜಿ, ಕೊನೆ ಚಲೋ ಇಲ್ಲೇನು?" ಎಂದು ಕೇಳಿದಳು. ಚಲೋ ಐತಿ ಅಂದೆ. ಅಕ್ಕ ಸುಳ್ಳು ಹೇಳುವವಳಲ್ಲ ಎಂದು ಅಂದು ಹೇಳುವುದಕ್ಕೆ ಈ ಹಾಳೆಗಳು ಬೇಕಿರಲಿಲ್ಲ. ಅದು ನನಗೆ ಆಗಲೇ ಗೊತ್ತಿತ್ತು.