ಅಪ್ಪ ಕಡೆದ ಬಿರಡೆ

ಚನ್ನಪಟ್ಟಣದ ನಮ್ಮ ಕೇರಿಯಲ್ಲಿ ಆಗೆಲ್ಲ ಕೋಳಿಗಿಂತ ಮೊದಲು ಬೊಂಬೆ ಕಡೆಯುವ ಲೇತು ಕೂಗುತ್ತಿತ್ತು. ಹಾಲೆಮರದ ತುಂಡು ಗಿರಗಿರ ತಿರುಗುವ ಸದ್ದು, ಅದಕ್ಕೆ ಒತ್ತಿದ ಅರಗು ಕಾದು ಏಳುವ ವಾಸನೆ, ಉಳಿಯ ತುದಿಯಿಂದ ಹಾರಿಬೀಳುವ ಬಿಳಿ ಸುರುಳಿಗಳು. ಆ ಸುರುಳಿಗಳನ್ನು ಕಿವಿಗೆ ಸಿಕ್ಕಿಸಿಕೊಂಡು ನಾನೂ ಜಯಕ್ಕನೂ ಮದುವಣಗಿತ್ತಿ ಆಟ ಆಡುತ್ತಿದ್ದೆವು. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದ ಅವ್ವ ಸಂಜೆ ಬಂದು ಮುದ್ದೆ ಮುರಿದು ಕೊಟ್ಟರೆ, ಸೋಪು ಹಾಕಿ ತೊಳೆದ ಕೈಯಲ್ಲೂ ಬೆಂದ ಗೂಡಿನ ನಾತ. ಮೂಗು ಮುಚ್ಚಿಕೊಂಡೇ ಸೊಗಡವರೆ ಸಾರು ಸುರಿದುಕೊಂಡು ಉಣ್ಣುತ್ತಿದ್ದೆವು.

ಅಪ್ಪ ಲೇತಿನ ಕೆಲಸಗಾರ. ಬೊಂಬೆ ಎಲ್ಲರೂ ಮಾಡುತ್ತಿದ್ದರು; ಕುಂಕುಮದ ಭರಣಿಗೆ ಮಾತ್ರ ಅಪ್ಪನೇ ಆಗಬೇಕು. ಮುಚ್ಚಳ ಎಳೆದರೆ 'ಟಪ್' ಎನ್ನಬೇಕು, ಮುಚ್ಚಿ ನೀರಿನಲ್ಲಿ ಮುಳುಗಿಸಿದರೂ ಒಳಗೆ ಒಂದು ಹನಿ ಹೋಗಬಾರದು. "ಗಾಳಿ ಆಡೋ ಮುಚ್ಚಳ ಹಾಕ್ದೋನು ಕೆಲಸಗಾರನೇ ಅಲ್ಲ ಕಣವ್ವ" ಎಂದು ಎದೆಯುಬ್ಬಿಸುತ್ತಿತ್ತು ನಮ್ಮಪ್ಪ.

ನನಗೆ ಒಂಬತ್ತು, ಅಕ್ಕನಿಗೆ ಹನ್ನೆರಡು. ಹಿಂದಿನ ವರ್ಷ ಬಂದ ಜ್ವರ ಅವಳ ಜೀವ ಬಿಟ್ಟು ಕಿವಿ ಹಿಡಿದಿತ್ತು. ದೊಡ್ಡಾಸ್ಪತ್ರೆಯ ಡಾಕ್ಟರು ಪರೀಕ್ಷೆ ಮಾಡಿ, "ಸಣ್ಣ ದನಿ ಹೋಗಿದೆ. ಡೊಳ್ಳು ಗುಡುಗಿನಂಥ ದಪ್ಪ ದನಿ ಸ್ವಲ್ಪ ಉಳಿದಿದೆ, ಇನ್ನು ಕೆಲವು ವರ್ಷ ಇರಬಹುದು. ಇರೋವಷ್ಟು ದಿನ ಕೇಳಿಸ್ತಾ ಇರಿ, ಮಾತಾಡಿಸ್ತಾ ಇರಿ" ಎಂದಿದ್ದರು. ಅವ್ವ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಅಪ್ಪ ಅಳಲಿಲ್ಲ. "ದಪ್ಪ ದನಿ ತಾನೆ? ತತ್ತೀನಿ ಬುಡು" ಎಂದಿತು.

ಅವರೆಕಾಯಿ ಕಾಲದ ಒಂದು ಭಾನುವಾರ ಗುಜರಿ ಅಂಗಡಿಯಿಂದ ಆಟೋದಲ್ಲಿ ಎರಡು ಸ್ಪೀಕರ್ ಪೆಟ್ಟಿಗೆ ಬಂದವು, ಜೊತೆಗೆ ಒಂದು ಹಳೆಯ ಟೇಪು. ಪೆಟ್ಟಿಗೆಗಳು ನನ್ನ ಎದೆಯೆತ್ತರ. ತೇಗದ ಹೊರಮೈ ಸಿಪ್ಪೆ ಎದ್ದಿತ್ತು, ಮುಂದಿನ ಬಟ್ಟೆ ಇಲಿಯ ಪಾಲಾಗಿತ್ತು. ಒಳಗಿನ ಕಾಗದದ ಕೋನಿನ ಸುತ್ತ ಇದ್ದ ಸ್ಪಂಜಿನ ಅಂಚು ಮುಟ್ಟಿದರೆ ಪುಡಿಪುಡಿ. ಅವ್ವ ಹಣೆ ಚಚ್ಚಿಕೊಂಡಳು: "ಅಯ್ಯೋ ಶಿವನೇ, ಮನೇಲಿ ಕಾಲಿಡಕ್ಕೆ ಜಾಗ ಇಲ್ಲ, ಇವೆರಡು ಹೆಣ ಎಲ್ಲಿ ಮಲಗುಸ್ತೀಯಾ?"

"ಎದ್ದು ಕುಂತ್ಕತವೆ, ನೋಡ್ತಿರು" ಎಂದಿತು ಅಪ್ಪ.

ಹದಿನೈದು ದಿನ, ಕಡೆಯುವ ಕೆಲಸ ಮುಗಿಸಿ, ಸಂಜೆಯೆಲ್ಲ ಅದೇ ಧ್ಯಾನ. ಚಪ್ಪಲಿ ಹೊಲಿಯುವವರಿಂದ ತೆಳ್ಳನೆಯ ಮೆತ್ತನೆ ಚರ್ಮ ತಂದು, ಉಂಗುರದ ಹಾಗೆ ಕತ್ತರಿಸಿ, ಸ್ಪಂಜಿನ ಜಾಗಕ್ಕೆ ಅಂಟಿಸಿತು. ತುಕ್ಕು ಹಿಡಿದ ವೈರು ಕಿತ್ತು ಹೊಸದು ಎಳೆಯಿತು. ಅವ್ವನ ಹಳೆ ಸೀರೆಯೊಂದು ಮುಂದಿನ ಪರದೆಯಾಯಿತು. ಕಂಪನಿಯವರಿಗೇ ಹೊಳೆಯದ ಉಪಾಯವೆಂದು ಪೆಟ್ಟಿಗೆಗೆ ನಾಲ್ಕು ನಾಲ್ಕು ಗುಂಡು ಕಾಲು ಕಡೆದು, ಹಳದಿ ಅರಗು ಹಚ್ಚಿ, ತಾಳೆಗರಿ ಒತ್ತಿ ಹೊಳಪು ಕೊಟ್ಟಿತು.

ಡೊಳ್ಳಿನ ಕ್ಯಾಸೆಟ್ಟು ಹಾಕಿದ ಸಂಜೆ ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಗೋಡೆಯ ಗೂಡಿನಲ್ಲಿದ್ದ ಲೋಟಗಳು ನಡುಗಿದವು. ಪೆಟ್ಟಿಗೆಗೆ ಕೆನ್ನೆ ಒತ್ತಿ ಕೂತಿದ್ದ ಅಕ್ಕ ಎಗರಿ ಬಿದ್ದಳು. "ಅಪ್ಪಾ! ಕೇಳ್ತೈತೆ! ಡುಂ ಡುಂ ಅಂತೈತೆ!" ಅಪ್ಪ ಆಗ ಅತ್ತಿತು, ಗೋಡೆಯ ಕಡೆ ತಿರುಗಿಕೊಂಡು. ವಾರವಿಡೀ ನಮ್ಮ ಮನೆಯಲ್ಲಿ ಹಬ್ಬ. ಅಕ್ಕ ತೊಡೆಯ ಮೇಲೆ ತಾಳ ಹಾಕುತ್ತ, ಡೊಳ್ಳು ಯಾವಾಗ ಜೋರಾಯಿತು, ಯಾವಾಗ ನಿಂತಿತು ಎಂದು ತಪ್ಪಿಲ್ಲದೆ ಹೇಳುತ್ತಿದ್ದಳು.

ದೊಡ್ಡ ಕೋನಿನ ಕೆಳಗೆ ಮುಷ್ಟಿ ತೂರುವಷ್ಟು ಅಗಲದ ದುಂಡು ತೂತಿತ್ತು, ಎರಡೂ ಪೆಟ್ಟಿಗೆಗೆ. ಒಂದು ದಿನ ಅದರೊಳಗಿಂದ ಜಿರಳೆ ಹೊರಬಂತು. ಅಪ್ಪ ಪರದೆ ಸರಿಸಿ ನೋಡಿ ನಕ್ಕಿತು. "ಇಂಥಾ ಪೆಟ್ಗೆ ಮಾಡ್ಬುಟ್ಟು ಮುಚ್ಚಳ ಹಾಕದ್ನೇ ಮರ್ತವ್ರಲ್ಲ! ದನಿಯೆಲ್ಲ ಇಲ್ಲಿಂದ್ಲೇ ಸೋರೋಯ್ತಾ ಐತೆ." ಅವತ್ತೇ ಎರಡು ಬಿರಡೆ ಕಡೆಯಿತು. ಕೆಂಪು ಅರಗು, ಅಂಚಿಗೆ ಹಸಿರು ಗೆರೆ. ತೂತಿಗೆ ಒತ್ತಿದರೆ 'ಟಪ್'. ಸುತ್ತ ಕಾದ ಅರಗು ಹೊಯ್ದು ಬಿಗಿ ಮಾಡಿತು. ಭರಣಿಗಿಂತ ಚೆಂದವಿತ್ತು, ಸುಳ್ಳೇಕೆ ಹೇಳಲಿ.

ಮತ್ತೆ ಅದೇ ಕ್ಯಾಸೆಟ್ಟು. ಲೋಟಗಳು ಸುಮ್ಮನಿದ್ದವು. ನಾನು ಅದನ್ನು ನೋಡಿದೆ, ಆದರೆ ಏನೂ ಅನ್ನಿಸಲಿಲ್ಲ, ಒಂಬತ್ತು ವರ್ಷದ ದಡ್ಡಿ. ಅಕ್ಕ ಕೆನ್ನೆ ಒತ್ತಿದಳು. ಇನ್ನೊಂದು ಪೆಟ್ಟಿಗೆಗೆ ಹೋಗಿ ಒತ್ತಿದಳು. ಅಪ್ಪ ಬಗ್ಗಿ ಅವಳ ಮುಖವನ್ನೇ ನೋಡುತ್ತ, "ಹೆಂಗೈತೆ ಮಗ, ಈಗ ಇನ್ನೂ ಚೆನ್ನಾಗೈತಾ?" ಎಂದಿತು. ಅಕ್ಕ ತುಟಿ ಓದಿಕೊಂಡು ತಲೆಯಾಡಿಸಿದಳು. "ಊಂ ಅಪ್ಪ. ಚೆನ್ನಾಗೈತೆ."

ಹಿತ್ತಲಲ್ಲಿ ನನ್ನ ಕೈ ಹಿಡಿದು ಹೇಳಿದಳು: "ನನ್ ಕಿವಿ ಪೂರಾ ಹೋಯ್ತು ಕಣೆ. ಅಪ್ಪಂಗೆ ಹೇಳ್ಬೇಡ. ಇಷ್ಟೊಂದು ಕಷ್ಟಪಟ್ಟು ಮಾಡೈತೆ, ಎದೆ ಒಡ್ಕತದೆ. ನನ್ ಮೇಲಾಣೆ."

ನಾನು ಹೇಳಲಿಲ್ಲ. ಮಿಕ್ಕ ಹೊತ್ತಿನಲ್ಲಿ ಊರಿಗೆಲ್ಲ ಚಾಡಿ ಹೇಳುವ ಬಾಯಿ ನನ್ನದು, ಅದೊಂದು ಮಾತಿಗೆ ಬೀಗ ಬಿತ್ತು. ಅಕ್ಕ ಒಂದಷ್ಟು ದಿನ ಪೆಟ್ಟಿಗೆಯ ಮುಂದೆ ಸುಳ್ಳು ತಾಳ ಹಾಕಿದಳು, ಆಮೇಲೆ ಅದನ್ನೂ ಬಿಟ್ಟಳು. ಮಾತೂ ಕಮ್ಮಿಯಾಯಿತು. ಲೇತಿನ ಹಿಂದಿನಿಂದ ಅಪ್ಪ "ಜಯಾ" ಎಂದು ಕೂಗಿದರೆ ತಿರುಗುತ್ತಿರಲಿಲ್ಲ. ಕೊನೆಗೆ ಅಪ್ಪ ಕೂಗುವುದನ್ನೇ ನಿಲ್ಲಿಸಿ, ಕರೆಯಬೇಕಾದಾಗ ಮರದ ಸುರುಳಿಯೊಂದನ್ನು ಅವಳ ಬೆನ್ನಿಗೆ ಎಸೆಯುತ್ತಿತ್ತು.

ಎಷ್ಟೋ ವರ್ಷ ಕಳೆದವು; ಅಪ್ಪ ತೀರಿಹೋಗಿ ಈಗ ಒಂದು ವರ್ಷವಾಯಿತು. ಅಪ್ಪನ ನೆನಪಿಗಾದರೂ ಪೆಟ್ಟಿಗೆ ಹಾಡಲಿ ಎಂದು ಮೊನ್ನೆ ರಾಮನಗರದ ಒಬ್ಬ ರಿಪೇರಿಯವರ ಹತ್ತಿರ ಒಯ್ದೆ. ಅವರು ಸೀರೆಯ ಪರದೆ ತೆಗೆದವರೇ ಗಕ್ಕನೆ ನಿಂತರು. "ಇದ್ಯಾರಮ್ಮ ಮುಚ್ಚಿದ್ದು? ದಪ್ಪ ದನಿಗೆ ಬಲ ಬರೋದೇ ಈ ತೂತಿಂದ. ಕಂಪ್ನಿಯವ್ರು ಅಳತೆ ನೋಡಿ ಬಿಟ್ಟಿರ್ತಾರೆ." ಕಾಯಿಸಿದ ಬ್ಲೇಡನ್ನು ಬಿರಡೆಯ ಸುತ್ತ ಆಡಿಸಿ ಎಳೆದರು. ಇಷ್ಟು ವರ್ಷದ ಮೇಲೂ ಅದು 'ಟಪ್' ಎಂದೇ ಬಂತು. ನಾನು ಅದನ್ನು ಕೇಳಿ ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡೆ.

ಮನೆಗೆ ತಂದು ಡೊಳ್ಳು ಹಾಕಿದೆ. ಗೂಡಿನ ಲೋಟಗಳು ನಡುಗಿದವು. ಬೊಂಬೆಗಳಿಗೆ ಕಣ್ಣು ಬರೆಯುತ್ತ ಕೂತಿದ್ದ ಅಕ್ಕನನ್ನು ಎಳೆದು ತಂದು, ಅವಳ ಅಂಗೈಯನ್ನು ಆ ತೂತಿಗೆ ಹಿಡಿದೆ. ಒಳಗಿನ ಗಾಳಿ ಪುಸ್ ಪುಸ್ ಎಂದು ಕೈಗೆ ಬಡಿಯಿತು. ಕಿವಿಗೆ ಈಗ ಏನೂ ಇಲ್ಲ, ನಿಜಕ್ಕೂ ಪೂರಾ ಹೋಗಿದೆ. ಬಿರಡೆಯನ್ನು ಅವಳ ಕೈಗಿಟ್ಟು, ನಿಧಾನ ತುಟಿಯಾಡಿಸಿ ಎಲ್ಲ ಹೇಳಿದೆ. ಅವತ್ತು ಹೋದದ್ದು ಕಿವಿಯಲ್ಲ, ಪೆಟ್ಟಿಗೆಯ ದನಿ. ನಾನು ಆಣೆ ಮುರಿದು ಒಂದು ಮಾತು ಹೇಳಿದ್ದರೆ ಅಪ್ಪ ಬಿರಡೆಯನ್ನು ಅರೆಗಳಿಗೆಯಲ್ಲಿ ಕೀಳುತ್ತಿತ್ತು. ಅಕ್ಕ ಅದನ್ನು ಸೆರಗಿನಿಂದ ಒರೆಸಿದಳು, ಕೆಂಪು ಹಾಗೇ ಹೊಳೆಯಿತು.

"ಸದ್ಯ, ಇದು ಅಪ್ಪಂಗೆ ಗೊತ್ತಾಗ್ಲಿಲ್ಲ" ಎಂದಳು.

ಬಿರಡೆಯನ್ನು ಮಡಿಲಲ್ಲಿಟ್ಟುಕೊಂಡು, ತನಗೇ ಕೇಳಿಸದ ದನಿಯಲ್ಲಿ ಮೆಲ್ಲಗೆ ಹೇಳಿದಳು: "ಆಮೇಲೂ ಒಂದೊಂದ್ಸಲ ಹಿಂದಿಂದ ಅಪ್ಪ ಕೂಗ್ದಂಗೆ ಆಗೋದು ಕಣೆ, ಒಂದೆರಡ್ ವರ್ಸ. ಕಿವಿನೇ ಇಲ್ವಲ್ಲ, ಬರೀ ಭ್ರಮೆ ಅನ್ಕಂಡು ತಿರುಗ್ತಿರ್ಲಿಲ್ಲ."

ನಮ್ಮಪ್ಪನ ದನಿ ದಪ್ಪ.