ಅಪ್ಪ ಕಂಡ ಸಿವಿಲ್

ಎಪ್ಪತ್ತರ ದಶಕದ ಕೊನೆ. ಪಿಯುಸಿ ಮುಗಿಸಿದ್ದ ನನಗೆ ಫಾರಿನ್ನಿನ ಹುಚ್ಚು ಹಿಡಿದಿತ್ತು. ಅದನ್ನು ಹಿಡಿಸಿದವರು ಕಡೂರಿನ ಕಾಲೇಜಿನ ಮೇಷ್ಟರೊಬ್ಬರು. "ಮಸ್ಕತ್, ಕುವೈತ್ ಕಡೆ ಈಗ ಬರೀ ಕಟ್ಟೋದೇ ಕೆಲಸ ಕಣೋ. ಸಿವಿಲ್ ಇಂಜಿನಿಯರಿಂಗ್ ಮಾಡು, ಅವರೇ ಕರ್ಕೊಂಡು ಹೋಗ್ತಾರೆ" ಎಂದಿದ್ದರು. ಅಜ್ಜಂಪುರದ ಆಚೆಯ ನಮ್ಮ ಹಳ್ಳಿಗೆ ಬಂದವನೇ ಅಪ್ಪನಿಗೆ ಎಲ್ಲ ಹೇಳಿದೆ.

ಅಪ್ಪ ಉಣ್ಣುತ್ತಿದ್ದ ಕೈ ನಿಲ್ಲಿಸಿದ. "ಸಿವಿಲ್ಲಾ? ಬ್ಯಾಡ ಕಣೋ. ಒಂದ್ಸಲ ಈ ಮನೆಗೆ ಸಿವಿಲ್ ಬಂದಿದ್ದು ಸಾಲ್ದಾ?"

ನಮ್ಮ ಕಡೆ ಸಿವಿಲ್ ಎಂದರೆ ಒಂದೇ ಅರ್ಥ, ಜಮೀನಿನ ದಾವೆ. ತಾತ ಹೊಲದ ಬದುವಿಗಾಗಿ ಸಿವಿಲ್ ಹಾಕಿ, ತರೀಕೆರೆ ಕೋರ್ಟಿಗೆ ಅಲೆದು ಚಪ್ಪಲಿ ಸವೆಸಿದವನು. ಗೆದ್ದವನು ಸೋತ, ಸೋತವನು ಸತ್ತ ಅನ್ನುತ್ತಾರಲ್ಲ, ತಾತ ಗೆದ್ದಿದ್ದ. ಇದು ಬೇರೆ ಸಿವಿಲ್ ಎಂದು ನಾನು ಎಷ್ಟು ಗಂಟಲು ಹರಿದುಕೊಂಡರೂ ಅಪ್ಪನದು ಒಂದೇ ಮಾತು: "ಮೆಕಾನಿಕಲ್ ತಗೋ, ಪಂಪ್‌ಸೆಟ್ಟಾದ್ರೂ ರಿಪೇರಿ ಮಾಡ್ಬಹುದು." ಸೀಟಿನ ಸಂದರ್ಶನ ಹತ್ತಿರ ಬಂತು. ಅಪ್ಪನ ಮಾತು ಮೀರುವ ಧೈರ್ಯ ನನಗಿರಲಿಲ್ಲ, ರೇಗುವ ಧೈರ್ಯವಷ್ಟೇ ಇತ್ತು. "ಬಾರಪ್ಪ, ಸಿವಿಲ್ ಅಂದ್ರೇನು ತೋರಿಸ್ತೀನಿ" ಎಂದು ಬಸ್ಸು ಹತ್ತಿಸಿ ಲಕ್ಕವಳ್ಳಿಗೆ ಕರೆದುಕೊಂಡು ಹೋದೆ.

ಅಲ್ಲಿಯ ಭದ್ರಾ ಅಣೆಕಟ್ಟೆಯನ್ನು ನಾನೂ ನೋಡಿರಲಿಲ್ಲ. ಅಂದು ಗೇಟು ತೆಗೆದಿದ್ದರು. ದೂರದಲ್ಲೇ ನೆಲದೊಳಗಿಂದ ಬಂದಂತೆ ಮೊರೆತ ಕೇಳಿಸಿತು. ಎದುರಿಗೆ ಹೋಗಿ ನಿಂತರೆ ಆಕಾಶ ಮುಚ್ಚುವಂಥ ಗೋಡೆ, ಬೆಳ್ಳಗೆ ಧುಮುಕುವ ನೀರು, ಮುಖಕ್ಕೆ ರಾಚುವ ಹನಿ. ಒಂದು ಹದ ಮಳೆಗಾಗಿ ಮುಗಿಲು ನೋಡುತ್ತ ಬೆಳೆದವನು ನಾನು. ಅಷ್ಟು ನೀರನ್ನು ಮನುಷ್ಯರು ತಡೆದು ನಿಲ್ಲಿಸಬಲ್ಲರು ಎಂಬುದೇ ತಲೆಗೆ ಹೋಗಲಿಲ್ಲ. ಮೈ ಜುಮ್ಮೆಂದಿತು. ವಾದಕ್ಕೆಂದು ಕೂಡಿಸಿಟ್ಟುಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

ಅಪ್ಪ ಚಪ್ಪಲಿ ಬಿಟ್ಟು ಕೈಮುಗಿದ.

"ಇದನ್ನ ಮನುಷ್ರೇ ಕಟ್ಟಿದ್ರಾ?"

"ಹೂಂ ಕಣಪ್ಪ. ಇದೇ ಸಿವಿಲ್."

"ನಮ್ಮಪ್ಪ ಒಂದ್ ಬದುವಿಗೆ ಬಡ್ಕೊಂಡ. ಇದೂ ಒಂದ್ ಬದೂನೇ ಅಲ್ವೇನೋ!" ಎಂದು ಅಪ್ಪ ಗಟ್ಟಿಯಾಗಿ ನಕ್ಕ. ಅವನು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕಪಕ್ಕದವರಿಗೆಲ್ಲ "ನನ್ ಮಗ ಸಿವಿಲ್ ಓದ್ತಾನೆ ಕಣ್ರೀ" ಎಂದು ಸಾರಿದ. ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ. ತರೀಕೆರೆ ದಾಟಿದ ಮೇಲೆ ನನ್ನ ಕಡೆ ತಿರುಗಿದ.

"ಅಲ್ಲ ಕಣೋ, ಇದನ್ನೇನೋ ನೀನು ಕರ್ಕೊಂಡ್ಬಂದು ತೋರಿಸ್ದೆ. ಮಸ್ಕತ್ತು ಅಂತ ಅಷ್ಟು ದೂರ ಹೋಗಿ ನೀನು ಕಟ್ಟೋದನ್ನ ನಂಗ್ಯಾರ್ ತೋರಿಸ್ತಾರೆ?"