ತೊಟ್ಟಿಲ ದಿಕ್ಕು

ಅಬ್ಬಿಗೇರಿಯ ಆಶಾ ಕಾರ್ಯಕರ್ತೆ ಸಕ್ಕೂಬಾಯಿ ಬಾಣಂತಿ ಮನೆಗೆ ಬಂದಳೆಂದರೆ ಚಪ್ಪಲಿ ಒಂದು ಕಡೆ, ಚೀಲ ಒಂದು ಕಡೆ, ತಾನು ನೇರ ತೊಟ್ಟಿಲಿಗೆ! ನನ್ನ ಕೂಸು ಚಿನ್ನುವಿನ ತಲೆಯಡಿಯ ಸಾಸಿವೆ ದಿಂಬನ್ನು ಸರಕ್ಕನೆ ಎಳೆದು ಅತ್ತೆಯ ಕೈಗಿಟ್ಟು, ‘ಇದನ್ನ ಒಗ್ಗರಣಿಗೆ ಹಾಕ್ರಿ ಯವ್ವಾ, ಕೂಸಿಗೆ ದಿಂಬ ಬ್ಯಾಡ’ ಎಂದಳು. ಮಲಗಿಸುವುದು ಅಂಗಾತವೇ, ಅದರಲ್ಲಿ ರಾಜಿಯಿಲ್ಲ. ಆದರೆ ಕೂಸು ಸದಾ ಬಾಗಿಲ ಬೆಳಕಿನತ್ತಲೇ ಮುಖ ಹೊರಳಿಸಿದರೆ ತಲೆ ಒಂದೇ ಕಡೆ ಚಪ್ಪಟೆಯಾಗುತ್ತದೆ. ಅದಕ್ಕೇ ತಲೆಯಿಡುವ ದಿಕ್ಕು ದಿನಾ ಬದಲಾಗಬೇಕು. ‘ತಲಿ ಪೂರ್ವಕ್ಕ ಇರಬೇಕವ್ವಾ’ ಎಂದು ಅತ್ತೆ ಗದರಿದರೆ, ‘ನಿನ್ನೆ ಪೂರ್ವಕ್ಕಿತ್ತಲ್ರಿ, ಇವತ್ತ ಪಶ್ಚಿಮಕ್ಕಿರ್ಲಿ! ಉತ್ತರಕ್ಕ ಮಾಡ್ರಿ ಅಂದ್ನೇನ?’ ಎನ್ನುತ್ತಾಳೆ. ಅವಳು ಹೊಸ್ತಿಲು ದಾಟಿದೊಡನೆ ಅತ್ತೆ ಮತ್ತೆ ಪೂರ್ವಕ್ಕೇ ತಿರುಗಿಸುತ್ತಾರೆ. ಕೂಸು ಎಚ್ಚರವಿದ್ದರಂತೂ ಅದನ್ನು ಕೌದಿಯ ಮೇಲೆ ಬೋರಲು ಹಾಕಿ, ಎದುರಿಗೆ ತಾನೂ ಬೋರಲು ಬಿದ್ದು ಚಿಟಿಕೆ ಹೊಡೆಯುತ್ತಾಳೆ. ಅದು ತಲೆ ಎತ್ತಿದ್ದೇ ತಡ, ‘ಎತ್ತಿತು! ಎಲ್ಲಾರೂ ಲಗೂ ಬರ್ರಿ, ತಲಿ ಎತ್ತಿತ್ರಿ!’ ಎಂಬ ಕೂಗಿಗೆ ಓಣಿಯೇ ಓಡಿ ಬರುತ್ತದೆ. ಎಂಥ ಸಂಭ್ರಮದಲ್ಲೂ ತಲೆಯ ಮೇಲಿನ ಸೆರಗನ್ನು ಮಾತ್ರ ಜಾರಗೊಡುವವಳಲ್ಲ. ನಿನ್ನೆ ಅವಳು ಎತ್ತಿಕೊಂಡಿದ್ದಾಗ ಚಿನ್ನು ಅದನ್ನೇ ಹಿಡಿದೆಳೆಯಿತು. ಸಕ್ಕೂಬಾಯಿಯ ಹಿಂದಲೆ ಮಣೆಯಂತೆ ಚಪ್ಪಟೆಯಾಗಿತ್ತು. ಅದು ಅತ್ತೆಯ ಕಣ್ಣಿಗೂ ಬಿತ್ತು. ಅವಳು ನಗುತ್ತಲೇ ಸೆರಗು ಹೊದ್ದಳು: ‘ನಮ್ಮವ್ವ ನನ್ನ ಗಿಡದ ನೆರಳಿಗೆ ಮಲಗಿಸಿ ದಿನಾ ಮಂದಿ ಹೊಲದಾಗ ಕಳೆ ತಗೀತಿದ್ಲ್ರಿ. ನನ್ನ ತಲಿ ಹೊಳ್ಳಿಸಾಕ ಯಾರಿದ್ರು?’ ಇಂದು ಬೆಳಿಗ್ಗೆ ನಾನು ಏಳುವ ಮೊದಲೇ ಅತ್ತೆ ಚಿನ್ನುವಿನ ತಲೆಯನ್ನು ಪಶ್ಚಿಮಕ್ಕೆ ಮಾಡಿ ಮಲಗಿಸಿದ್ದರು.